ಏಳನೇ ನಂಬರಿನ ಊರು

ಪಿಶೋದ್ ಶಾಲೆಯ ಗೋಡೆಯಲ್ಲಿದ್ದ ಭೂಪಟದಲ್ಲಿ, ಪಿಶೋದ್ ಇರಬೇಕಾದ ಕಡೆ ಒಂದು ತೂತಿತ್ತು. ಇಲಿ ಕಡಿದದ್ದಲ್ಲ, ಒಲೆಯ ಕಿಡಿ ಹಾರಿ ಸುಟ್ಟದ್ದೂ ಅಲ್ಲ. ಮಕ್ಕಳ ಬೆರಳು ಮುಟ್ಟಿ ಮುಟ್ಟಿ ಸವೆದು ಬಿದ್ದ ತೂತು. ಭೂಗೋಳ ಕಲಿಸುತ್ತಿದ್ದ ಜರೀಫ್ಮೋ ಪ್ರತಿ ವರ್ಷ ಹೊಸ ತರಗತಿಯನ್ನು ಸಾಲಾಗಿ ನಿಲ್ಲಿಸಿ, "ಬನ್ನಿ, ನಾವೆಲ್ಲಿದ್ದೀವಿ ಅಂತ ಮುಟ್ಟಿ ನೋಡಿ" ಎನ್ನುತ್ತಿದ್ದಳು. ಪಟದಲ್ಲಿ ಊರಿನ ಹೆಸರೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ. ಬರೀ ಕಂದು ಬಣ್ಣ, ಅದರ ಅಂಚಿಗೆ ಕೂದಲೆಳೆಯಂಥ ನೀಲಿ ಗೆರೆ, ಅದು ಅಫ್ಘಾನಿಸ್ತಾನದ ಗಡಿಯಾದ ಪಂಜ್ ನದಿ. ಆ ಗೆರೆಯ ಮೊಣಕೈ ಮಡಿಚಿದಂಥ ತಿರುವಿನ ಪಕ್ಕ ಇಂಥಲ್ಲಿ ಎಂದು ಅವಳು ತೋರಿಸುವಳು, ಮಕ್ಕಳು ಒತ್ತುವರು. ಇಪ್ಪತ್ತು ವರ್ಷ ಒತ್ತಿಸಿಕೊಂಡ ಕಾಗದ ಒಂದು ದಿನ ಸೋತು ಹರಿಯಿತು. ಆಮೇಲೆ ಬಂದ ಮಕ್ಕಳು "ಮುಅಲ್ಲಿಮಾ, ನಾವೆಲ್ಲಿದ್ದೀವಿ?" ಎಂದರೆ, ಹಿಂದಿನ ಬೆಂಚಿನವರೇ ಉತ್ತರ ಕೊಡುತ್ತಿದ್ದರು: "ತೂತಲ್ಲಿ!"

ಜರೀಫ್ಮೋಗೆ ಇದು ನಗುವ ವಿಷಯವಾಗಿರಲಿಲ್ಲ. ಮೇಲಿನ ಕಣಿವೆಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಪಿಶೋದಿಗೆ ಸೊಸೆಯಾಗಿ ಬಂದವಳು. ಖೋರೋಗ್ ಪಟ್ಟಣದಲ್ಲಿ ಎರಡು ವರ್ಷ ಓದಿದ್ದು ಬಿಟ್ಟರೆ ಎಲ್ಲಿಗೂ ಹೋದವಳಲ್ಲ. ಆದರೂ ಸಾಗರಗಳ ಆಳ, ಮರುಭೂಮಿಗಳ ಉದ್ದ ಎಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ಪ್ರಪಂಚದ ಅಷ್ಟೂ ಊರುಗಳನ್ನು ತಾನು ಈ ಮಕ್ಕಳಿಗೆ ತೋರಿಸಿದೆ, ಪ್ರಪಂಚದಲ್ಲಿ ಯಾರಾದರೂ ಒಬ್ಬರು, ಯಾವುದೋ ದೂರದ ಮಗು, ಈ ಮಕ್ಕಳು ಇರುವ ಕಡೆ ಒಮ್ಮೆ ಬೆರಳಿಡಬಾರದೇ ಎಂಬ ಆಸೆ ಅವಳ ಎದೆಯಲ್ಲಿ ಕೂತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅತ್ತೆ ಖೋನ್‌ಬೀಬಿ ಹಲ್ಲಿಲ್ಲದ ಬಾಯಲ್ಲಿ ನಕ್ಕು ಬಿಡುತ್ತಿದ್ದಳು.

ಅತ್ತೆ ಸೊಸೆಗೆ ಜಗಳವೇನೂ ಇರಲಿಲ್ಲ, ಒಂದು ಮೊಳೆಯ ವಿಷಯ ಬಿಟ್ಟರೆ. ಮನೆ ಹಳೆಯದು. ಐದು ಕಂಬ, ನಡುವೆ ತಗ್ಗಿನ ನೆಲ, ಸುತ್ತ ಹಲಗೆ ಹೊದಿಸಿದ ಜಗಲಿ, ನೆತ್ತಿಯ ಮೇಲೆ ಒಂದರೊಳಗೊಂದು ಚೌಕ ಕಟ್ಟಿ ಏರಿಸಿದ ಬೆಳಕಿಂಡಿ. ಬಡಗಣ ಜಗಲಿಯ ಹಲಗೆಯಲ್ಲಿ, ಸರಿಯಾಗಿ ಕಾಲಿಡುವ ಕಡೆ, ಒಂದು ತಾಮ್ರದ ಮೊಳೆ ತಲೆ ಎತ್ತಿಕೊಂಡಿತ್ತು. ಚಹಾದ ತಟ್ಟೆ ಹಿಡಿದು ಜಗಲಿ ಹತ್ತುವಾಗಲೆಲ್ಲ ಅದು ಜರೀಫ್ಮೋಳ ಕಾಲುಚೀಲ ಹಿಡಿದೆಳೆಯುತ್ತಿತ್ತು. ಮದುವೆಯಾಗಿ ಬಂದ ವಾರವೇ ಹರಿದದ್ದು ತಾಯಿ ಹೆಣೆದು ಕೊಟ್ಟಿದ್ದ ಕೆಂಪು ಚೀಲ.

"ಈ ಮೊಳೆ ಕೀಳಿಸಿಬಿಡೋಣ ಬೀಬಿ."

"ನಿನ್ನ ಕಾಲು ಕೀಳಿಸ್ತೀನಿ, ಅದನ್ನ ಮುಟ್ಟಿದ್ರೆ. ಅದು ನಮ್ಮ ಮಾವನವರದ್ದು."

"ಮಾವನವರ ಮೊಳೆ ಅಂದ್ರೆ ಗೋಡೆಗೆ ಹೊಡೀಬೇಕಿತ್ತು. ನಡೆಯೋ ಕಡೆ ಯಾಕೆ?"

"ಕಣ್ಣು ಬಿಟ್ಕೊಂಡು ನಡಿ."

ಅಲ್ಲಿಗೆ ಮುಗಿಯಿತು. ಇಪ್ಪತ್ತಾರು ವರ್ಷ ಜರೀಫ್ಮೋ ಚೀಲ ಹೊಲಿದಳು. ಗಂಡ ಮಮದ್‌ರಹೀಮ್ ರಸ್ತೆಯ ಹಿಮ ತೆಗೆಯುವ ಯಂತ್ರದ ಮೇಲೆ ಚಳಿಗಾಲವಿಡೀ ಹೊರಗೇ ಇರುತ್ತಿದ್ದ. ಮೊಳೆಯ ದೂರು ಹೇಳಲು ಅವನು ಮನೆಯಲ್ಲಿ ಸಿಗುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಜೀಪಿನ ಇಮೋಮ್ಯೋರ್ ಖೋರೋಗಿನಿಂದ ಒಂದು ದಪ್ಪ ಲಕೋಟೆ ತಂದ. ವರ್ಷದ ಆರಂಭದಲ್ಲಿ ಜರೀಫ್ಮೋ, ದೂರದ ಶಾಲೆಗಳ ಜೊತೆ ನಮ್ಮ ಮಕ್ಕಳನ್ನೂ ಸೇರಿಸಿಕೊಳ್ಳಿ ಎಂದು ಒಂದು ಕಾಗದ ಬರೆದು ಮರೆತಿದ್ದಳು. ಅದಕ್ಕೆ ಉತ್ತರ. ರಿಮ್ಮಾ ಎಂಬ ಹೆಂಗಸು, ದೂರದ ಯಾವುದೋ ನಗರದವಳು, ರಷ್ಯನ್ ಭಾಷೆಯಲ್ಲಿ ಬರೆದಿದ್ದಳು. ಪ್ರಪಂಚದ ಹತ್ತು ಶಾಲೆಗಳ ಒಂದು ಆಟ. ಯಾರೂ ಊರಿನ ಹೆಸರು ಹೇಳುವಂತಿಲ್ಲ, ಬರೀ ನಂಬರು. ಪ್ರತಿ ಸೋಮವಾರ ಸೂರ್ಯ ಹುಟ್ಟಿದ್ದು ಎಷ್ಟಕ್ಕೆ, ಮುಳುಗಿದ್ದು ಎಷ್ಟಕ್ಕೆ, ಅಷ್ಟು ಬರೆದು ಕಳಿಸಬೇಕು. ಅದನ್ನೇ ಹಿಡಿದು ಉಳಿದ ಒಂಬತ್ತು ಶಾಲೆಗಳು ಭೂಮಿಯ ಮೇಲೆ ಅವರೆಲ್ಲಿದ್ದಾರೆಂದು ಕಂಡುಹಿಡಿಯಬೇಕು. ಪಿಶೋದಿಗೆ ಬಂದ ನಂಬರು ಏಳು.

"ಅಷ್ಟರಲ್ಲೇ ಗೊತ್ತಾಗುತ್ತಾ ಮುಅಲ್ಲಿಮಾ?" ಎಂದಳು ಪರ್ವೋನಾ, ತರಗತಿಯ ಚುರುಕು ಹುಡುಗಿ. "ಸೂರ್ಯ ಎಲ್ಲರಿಗೂ ಒಬ್ಬನೇ ಅಲ್ವಾ?"

"ಒಬ್ಬನೇ. ಆದ್ರೆ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣ್ತಾನೆ. ಯಾರಿಗೆ ಹೇಗೆ ಕಂಡ ಅಂತ ಹೇಳಿದ್ರೆ, ಅವರು ಎಲ್ಲಿ ನಿಂತಿದ್ರು ಅಂತ ಹೇಳಬಹುದು."

ಹೇಳುವಾಗ ಅವಳಿಗೇ ಮೈ ಜುಮ್ಮೆಂದಿತು. ಹೆಸರು ಬೇಡ, ಹಾದಿ ಬೇಡ, ಪಟದಲ್ಲಿ ಚುಕ್ಕೆಯೂ ಬೇಡ. ಸೂರ್ಯನೇ ನಮ್ಮ ಗುರುತು ಹೇಳುತ್ತಾನೆ.

ಶಾಲೆಯ ಉದ್ದ ಗೋಡೆಗೆ ಹಳೆಯ ಕಂಬಳಿ ಬಡಿದರು. ಅಡ್ಡಕ್ಕೆ ವಾರಗಳು, ಮೇಲಕ್ಕೆ ಗಂಟೆಗಳು. ಕಾಲುಚೀಲ ಹೆಣೆಯುವ ಹತ್ತು ಬಣ್ಣದ ಉಣ್ಣೆನೂಲು ಮನೆಮನೆಯಿಂದ ಬಂತು. ಪ್ರತಿ ಶಾಲೆಗೆ ಒಂದು ಬಣ್ಣ. ವಾರಕ್ಕೊಂದು ಗುಂಡುಸೂಜಿ ಚುಚ್ಚಿ ನೂಲನ್ನು ಮುಂದಕ್ಕೆ ಎಳೆಯುವುದು. ಏಳಕ್ಕೆ ಕೆಂಪು.

ಮೊದಲ ಪಟ್ಟಿ ಬಂದ ದಿನ ಹದಿನಾಲ್ಕು ಮಕ್ಕಳೂ ಬಾಯಿ ತೆರೆದು ಕೂತರು. ಒಂಬತ್ತನೆಯವರಿಗೆ ಹದಿನೈದು ಗಂಟೆ ಹಗಲು, ಜನವರಿಯಲ್ಲಿ! ನಾಲ್ಕನೆಯವರಿಗೆ ಹನ್ನೆರಡು ಗಂಟೆ. ಮುಂದಿನ ವಾರವೂ ಹನ್ನೆರಡು, ಅದರ ಮುಂದಿನ ವಾರವೂ ಹನ್ನೆರಡು, ಗೆರೆ ಎಳೆದ ಹಾಗೆ. ಎರಡನೆಯವರ ಮುಂದೆ ಬರೀ ಸೊನ್ನೆ.

"ಸೊನ್ನೆ ಅಂದ್ರೆ ಬರೆಯೋಕೆ ಮರೆತಿದ್ದಾರೆ" ಎಂದ ಕುರ್ಬೋನ್. ಮಾತಿನಲ್ಲಿ ಯಾರಿಗೂ ಸೋಲದ ಹುಡುಗ.

"ಮರೆತಿಲ್ಲ. ಅಲ್ಲಿ ಸೂರ್ಯ ಹುಟ್ಟೇ ಇಲ್ಲ" ಎಂದಳು ಜರೀಫ್ಮೋ.

ಆಮೇಲೆ ಕುರ್ಬೋನನೇ ಮೆಲ್ಲಗೆ ಕೇಳಿದ, "ಹಾಗಾದ್ರೆ ಆಕಳ ಹಾಲು ಹೇಗೆ ಕರೀತಾರೆ ಮುಅಲ್ಲಿಮಾ? ಕೆಚ್ಚಲು ಕಾಣ್ಬೇಕಲ್ಲ?"

ಯಾರೂ ನಗಲಿಲ್ಲ. ಆ ಸೊನ್ನೆಯ ಊರಿನ ಮಕ್ಕಳು ಕತ್ತಲಲ್ಲಿ ಪುಸ್ತಕ ಹಿಡಿದು ಶಾಲೆಗೆ ಹೋಗುವುದು ಎಲ್ಲರ ಕಣ್ಣಿಗೂ ಕಟ್ಟಿತ್ತು. ಫೆಬ್ರವರಿಯಲ್ಲಿ ಒಂದು ಸೋಮವಾರ ಎರಡನೆಯವರಿಗೆ ನಲವತ್ತು ನಿಮಿಷ ಹಗಲು ಬಂದಾಗ ಪಿಶೋದಿನ ಮಕ್ಕಳು ತಮ್ಮ ಮನೆಯಲ್ಲೇ ಕೂಸು ಹುಟ್ಟಿದ ಹಾಗೆ ಕೂಗಾಡಿದರು.

ತಮ್ಮ ಊರಿನ ಹಗಲನ್ನು ಅವರು ಬಹಳ ನಿಷ್ಠೆಯಿಂದ ಅಳೆದರು. ಪಿಶೋದಿನಲ್ಲಿ ಸೂರ್ಯ ಬಂದ ಎಂದರೆ ಶಾಲೆಯ ಹೊಗೆಕೊಳವೆಯ ತುದಿಗೆ ಬಿಸಿಲು ಬಿತ್ತು ಎಂದು ಅರ್ಥ. ಹೋದ ಎಂದರೆ ಗಿರಣಿಯ ಮುಂದಿನ ಅಕ್ರೋಟ ಮರದಿಂದ ಬಿಸಿಲು ಎದ್ದಿತು ಎಂದು. ಅಜ್ಜ ಮುತ್ತಜ್ಜರ ಕಾಲದಿಂದ ಹಾಗೇ. ಪರ್ವೋನಾ ರೇಡಿಯೋದಿಂದ ಗಡಿಯಾರ ಸರಿಮಾಡಿಕೊಂಡು ಅಂಗಳದಲ್ಲಿ ನಿಲ್ಲುವಳು. ಮೂಗು ಕೆಂಪಾದರೂ ಒಂದು ನಿಮಿಷ ತಪ್ಪಿಸಲಿಲ್ಲ. ಜನವರಿಯ ಮೊದಲ ಸೋಮವಾರ ಹತ್ತೂ ಇಪ್ಪತ್ತಕ್ಕೆ ಬಂದ, ಎರಡೂ ನಲವತ್ತಕ್ಕೆ ಹೋದ. ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಜರೀಫ್ಮೋ ಅದನ್ನು ಚಂದದ ಅಕ್ಷರದಲ್ಲಿ ಬರೆದು, ಶನಿವಾರ ಬೆಳಗಿನ ಜೀಪಿನಲ್ಲಿ ಇಮೋಮ್ಯೋರನ ಕೈಗೆ ಕೊಟ್ಟಳು. ಖೋರೋಗಿನಲ್ಲಿ ಅವನ ತಂಗಿ ಕಂಪ್ಯೂಟರಿನಿಂದ ರಿಮ್ಮಾಗೆ ಕಳಿಸುತ್ತಿದ್ದಳು.

ಫೆಬ್ರವರಿ ಮುಗಿಯುವ ಹೊತ್ತಿಗೆ ಕಂಬಳಿಯ ಮೇಲೆ ಒಂದು ಸೋಜಿಗ ಕಾಣತೊಡಗಿತು. ಮೇಲಿದ್ದ ನೂಲುಗಳು ಇಳಿಯುತ್ತಿವೆ, ಕೆಳಗಿದ್ದವು ಏರುತ್ತಿವೆ, ಎಲ್ಲವೂ ಯಾರೋ ಕರೆದಂತೆ ಒಂದೇ ಕಡೆ ಹೊರಟಿವೆ. ಸೊನ್ನೆಯಲ್ಲಿದ್ದ ಎರಡನೆಯ ನೂಲು ಕುದುರೆ ಓಡಿದ ಹಾಗೆ ಏರುತ್ತಿತ್ತು. ಮಾರ್ಚ್ ಇಪ್ಪತ್ತೊಂದು, ಹೊಸ ವರ್ಷದ ಹಬ್ಬವಾದ ನವ್‌ರೂಜ್ ದಿನದ ಗೆರೆಯ ಮೇಲೆ, ಹನ್ನೆರಡು ಗಂಟೆಯ ಬಳಿ, ಒಂಬತ್ತೂ ಗಂಟು ಬೀಳುವ ಹಾಗಿತ್ತು.

"ಅವತ್ತು ಭೂಮಿ ಮೇಲೆ ಎಲ್ಲರಿಗೂ ಹಗಲು ಸಮ" ಎಂದು ಜರೀಫ್ಮೋ ಹೇಳಿದಳು. "ಹಿಮದವರಿಗೂ, ಮರಳಿನವರಿಗೂ, ಸಮುದ್ರದವರಿಗೂ. ಹನ್ನೆರಡು ಗಂಟೆ."

"ಮತ್ತೆ ನಮ್ಮ ಕೆಂಪು ಯಾಕೆ ಆ ಕಡೆ ಹೋಗ್ತಿಲ್ಲ?" ಎಂದಳು ಪರ್ವೋನಾ.

ಕೆಂಪು ನೂಲು ಎಲ್ಲರಿಗಿಂತ ಕೆಳಗೆ, ಕಾಲು ನೋಯುವ ಮುದುಕಿಯಂತೆ ಒಂಟಿಯಾಗಿ ತೆವಳುತ್ತಿತ್ತು. ಜರೀಫ್ಮೋ ಅದನ್ನು ನೋಡಿದ್ದಳು. ನೋಡಿಯೂ ನೋಡದ ಹಾಗಿದ್ದಳು.

ಆ ಶನಿವಾರ ರಿಮ್ಮಾಳ ಕಾಗದ ಬಂತು. ಮೊದಲ ವಾರಗಳಲ್ಲಿ ಎಲ್ಲ ಶಾಲೆಗಳೂ ಏಳನೇ ನಂಬರನ್ನು ಉತ್ತರದ ಹಿಮಸಾಗರದ ಹತ್ತಿರ ಇಟ್ಟಿದ್ದವಂತೆ. ಆದರೆ ಅಲ್ಲಿಯ ಹಗಲು ಈ ಕಾಲದಲ್ಲಿ ವಾರಕ್ಕೆ ನಲವತ್ತು ನಿಮಿಷ ಬೆಳೆಯುತ್ತದೆ, ನಿಮ್ಮದು ಹದಿನೈದು ನಿಮಿಷ. "ಎಲ್ಲ ಬಗೆಯಲ್ಲೂ ಲೆಕ್ಕ ಹಾಕಿದ್ದೇವೆ. ಭೂಮಿಯ ಮೇಲೆ ಅಂಥ ಜಾಗವೇ ಇಲ್ಲ. ಸಮಹಗಲಿನ ವಾರದೊಳಗೆ ಸರಿಯಾದ ಅಳತೆ ಬಾರದಿದ್ದರೆ, ಏಳನೇ ಗೆರೆಯನ್ನು ಎಲ್ಲ ಶಾಲೆಗಳ ಪಟದಿಂದ ಅಳಿಸಬೇಕಾಗುತ್ತದೆ. ಕ್ಷಮಿಸಿ."

ಇಂಥ ಸುದ್ದಿ ಲಕೋಟೆಯೊಳಗೆ ನಿಲ್ಲುತ್ತದೆಯೇ? ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

"ಅಪಾ, ಹಾಗಾದ್ರೆ ನಾನು ಪ್ರತಿ ಶನಿವಾರ ಭೂಮಿ ಬಿಟ್ಟು ಹೊರಗಿಂದ ಖೋರೋಗಿಗೆ ಹೋಗ್ತಿದ್ದೀನಾ?" ಎಂದ, ಜರೀಫ್ಮೋಳನ್ನು ಅಕ್ಕ ಎಂದೇ ಕರೆಯುತ್ತಿದ್ದ ಇಮೋಮ್ಯೋರ್. "ಅದಕ್ಕೇ ಪೆಟ್ರೋಲು ಇಷ್ಟು ಕುಡಿಯುತ್ತೆ!"

ಜರೀಫ್ಮೋಗೆ ನಗು ಬರಲಿಲ್ಲ. ಮನೆಗೆ ಬಂದು ಶಾಲು ತೆಗೆಯದೆ ಕಂಬಕ್ಕೊರಗಿ ಕೂತಳು. ಖೋನ್‌ಬೀಬಿ ಒಲೆಯ ಪಕ್ಕ ಒಣ ಏಪ್ರಿಕಾಟಿನ ಬೀಜ ಒಡೆಯುತ್ತಿದ್ದಳು.

"ಏನಾಯ್ತೇ? ಮುಖ ಹಳಸಿದ ಮೊಸರಿನ ಹಾಗಿದೆ."

"ನಾವು ಭೂಮಿ ಮೇಲೆ ಇಲ್ವಂತೆ ಬೀಬಿ."

"ಮತ್ತೆಲ್ಲಿದ್ದೀವಂತೆ?"

"ಅದನ್ನ ಬರ್ದಿಲ್ಲ."

"ಹಾಗಾದ್ರೆ ಚಹಾಕ್ಕೆ ಉಪ್ಪು ಹಾಕು. ಎಲ್ಲಿದ್ರೂ ಚಹಾ ಬೇಕಲ್ಲ."

ಚಹಾ ಕುಡಿಯುತ್ತ ಜರೀಫ್ಮೋ ಎಲ್ಲ ಹೇಳಿದಳು. ನವ್‌ರೂಜಿನಂದು ಎಲ್ಲ ಕಡೆ ಹನ್ನೆರಡು ಗಂಟೆ ಹಗಲು ಇರಬೇಕು, ನಮಗೆ ಅವತ್ತೂ ಏಳು ಗಂಟೆ ದಾಟುವುದಿಲ್ಲ, ಯಾಕೆಂದು ತಿಳಿಯುತ್ತಿಲ್ಲ, ನಿಮಿಷ ನಿಮಿಷ ಅಳೆದಿದ್ದೇವೆ.

ಮುದುಕಿ ಬೀಜ ಒಡೆಯುವುದನ್ನು ನಿಲ್ಲಿಸಿದಳು. "ಸೂರ್ಯ ನಮ್ಮ ಹೊಗೆಕೊಳವೆಗೆ ಬಂದಾಗ ಹುಟ್ತಾನೆ ಅಂತ ನಿನಗ್ಯಾರೇ ಹೇಳಿದ್ದು? ಅವನು ಎದ್ದು, ಮುಖ ತೊಳ್ದು, ಬಯಲಿನವರ ಮನೇಲೆಲ್ಲ ಚಹಾ ಕುಡ್ದು, ಆಮೇಲೆ ನಮ್ಮ ಬೆಟ್ಟ ಹತ್ತೋದು. ನಮ್ಮನೆಗೆ ತಡವಾಗಿ ಬಂದ್ರೆ ಆಗಲೇ ಹುಟ್ಟಿದ ಅಂತೀಯಲ್ಲ. ಮೇಲೆ ಬಂಡೆ ಮೇಲಿರೋ ಹದ್ದನ್ನ ಕೇಳು, ಎಷ್ಟೊತ್ತಿಗೆ ಹುಟ್ಟಿದ ಅಂತ."

ಜರೀಫ್ಮೋಳ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು.

ರಿಮ್ಮಾಳ ಮೊದಲ ಕಾಗದದಲ್ಲೇ ಇತ್ತು: ಸೂರ್ಯ ದಿಗಂತದ ಮೇಲೆ ಕಂಡ ನಿಮಿಷ ಬರೆಯಿರಿ. ದಿಗಂತ! ಆಕಾಶವೂ ನೆಲವೂ ಕೂಡಿದಂತೆ ಕಾಣುವ ಗೆರೆ ಎಂದು ಇಪ್ಪತ್ತಾರು ವರ್ಷ ಮಕ್ಕಳಿಂದ ಬರೆಸಿದ್ದಳು, ಪರೀಕ್ಷೆಯಲ್ಲಿ ಕೇಳಿದ್ದಳು, ತಪ್ಪಿದವರಿಗೆ ಅಂಕ ಕಳೆದಿದ್ದಳು. ತಾನು ಮಾತ್ರ ಅದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೇಲಿನ ಕಣಿವೆಯಲ್ಲಿ ಇಲ್ಲ, ಪಿಶೋದಿನಲ್ಲಿ ಇಲ್ಲ, ಖೋರೋಗಿನಲ್ಲೂ ಇಲ್ಲ. ಎಲ್ಲೆಲ್ಲೂ ಬೆಟ್ಟದ ಹಲ್ಲುಗಳು. ಆ ಹಲ್ಲುಗಳನ್ನೇ ಅವಳ ಕಣ್ಣು ಭೂಮಿಯ ಅಂಚು ಎಂದುಕೊಂಡಿತ್ತು. ಅವುಗಳಾಚೆ ಭೂಮಿ ಇನ್ನೂ ಬಗ್ಗಿ, ಇಳಿದು, ದೂರ ದೂರ ಹೋಗಿದೆ. ಸೂರ್ಯ ಅಲ್ಲಿ ಬೆಳಗಾಗಿಸಿ ಇತ್ತ ಬರುತ್ತಾನೆ. ಪುಸ್ತಕದಲ್ಲಿ ಓದಿದ್ದು ಅವತ್ತು ಅವಳ ಮೈಗೆ ತಿಳಿಯಿತು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಬೆರಗಾಯಿತು.

ಆದರೆ ಈಗ ಮಾಡುವುದೇನು? ಮಾರ್ಚ್ ತಿಂಗಳಲ್ಲಿ ಬೆಟ್ಟದ ನೆತ್ತಿ ಹತ್ತಲು ಯಾರಿಂದ ಸಾಧ್ಯ? ಹಿಮ ಜಾರುವ ಕಾಲ.

"ಬೀಬಿ" ಎಂದಳು ಬಟ್ಟಲು ಕೆಳಗಿಟ್ಟು. "ಬೆಟ್ಟ ಅಡ್ಡ ಇದ್ರೂ ಹಿಂದಿನವರು ನವ್‌ರೂಜ್ ಯಾವತ್ತು ಅಂತ ಹೇಗೆ ಹೇಳ್ತಿದ್ರು?"

"ನಮ್ಮ ಮಾವನವರು ಹೇಳ್ತಿದ್ರು. ಊರಿನ ದಿನದ ಲೆಕ್ಕವೆಲ್ಲ ಅವರದ್ದೇ, ಮೈಯ ಅಂಗಗಳ ಮೇಲೆ ಎಣಿಸೋರು. ಸೂರ್ಯ ಇವತ್ತು ಪಾದಕ್ಕೆ ಬಂದ, ಇವತ್ತು ಮೊಣಕಾಲಿಗೆ ಬಂದ, ಎದೆಗೆ ಬಂದಾಗ ನವ್‌ರೂಜ್, ಬಿತ್ತನೆಗೆ ಎತ್ತು ಹೂಡಿ ಅನ್ನೋರು."

"ಎದೆಗೆ ಬಂದ ಅಂತ ಹೇಗೆ ಗೊತ್ತಾಗ್ತಿತ್ತು?"

ಖೋನ್‌ಬೀಬಿ ಕೋಲೆತ್ತಿ ಮೊದಲು ಬೆಳಕಿಂಡಿ ತೋರಿಸಿದಳು. ಆಮೇಲೆ ಕೋಲನ್ನು ನಿಧಾನವಾಗಿ ಇಳಿಸಿ ಬಡಗಣ ಜಗಲಿಯ ಮೊಳೆಯ ಮೇಲೆ ಇಟ್ಟಳು.

"ನವ್‌ರೂಜ್ ಮಧ್ಯಾಹ್ನ ಸೂರ್ಯ ಅಲ್ಲಿ ಕೂರ್ತಾನೆ. ಮಾವನವರು ಹನ್ನೊಂದು ವರ್ಷ ಇದ್ದಿಲಲ್ಲಿ ಗುರುತು ಹಾಕಿ ಹಾಕಿ, ಆಮೇಲೆ ಹೊಡೆದ ಮೊಳೆ ಅದು. ನಿನ್ನ ಚೀಲ ಹರಿಯೋಕೆ ಅಂತ ಹೊಡೆದದ್ದಲ್ಲ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ಬೀಬಿ!"

"ನೀನು ಕೀಳಿಸೋಣ ಅಂದೆ. ಯಾಕಿದೆ ಅಂತ ಯಾವತ್ತು ಕೇಳಿದೆ?"

ನವ್‌ರೂಜ್ ಮಂಗಳವಾರ ಬಂತು. ಮನೆಯ ಸಾಮಾನೆಲ್ಲ ಹೊರಗೆ ಹೋಗಿ, ಮಸಿ ಗುಡಿಸಿ, ಖೋನ್‌ಬೀಬಿ ಕಂಬಗಳ ಮೇಲೆ ಹಿಟ್ಟಿನ ಕೈಮುದ್ರೆ ಒತ್ತುತ್ತಿದ್ದಳು. ಹದಿನಾಲ್ಕು ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಜಗಲಿಯ ಸುತ್ತ ಕೂತರು. ಜರೀಫ್ಮೋ ಶಾಲೆಯ ಕಪ್ಪುಹಲಗೆಯ ದೊಡ್ಡ ಮರದ ಕೋನಮಾಪಕ ತಂದಿದ್ದಳು. ಒಂದೇ ಒಂದು ಇರಲಿಲ್ಲ, ಸೂರ್ಯ. ಬೆಳಗಿನಿಂದ ಬೂದಿ ಬಣ್ಣದ ಮೋಡ ಕಣಿವೆಗೆ ಮುಚ್ಚಳ ಹಾಕಿದ ಹಾಗೆ ಕೂತಿತ್ತು.

ಬೆಳಕಿಂಡಿಯ ನಡುವೆ ಎರಡು ಪಟ್ಟಿಗಳು ಒಂದನ್ನೊಂದು ದಾಟುವ ಕಡೆ, ಪರ್ವೋನಾ ಸೂರಿನ ಮೇಲೆ ಹೊಟ್ಟೆಯ ಮೇಲೆ ಮಲಗಿ, ಗಾಜು ತೆಗೆದು, ಎರಡು ನೂಲು ಕಟ್ಟಿದಳು. ಒಂದಕ್ಕೆ ಕಲ್ಲು ಕಟ್ಟಿ ಕೆಳಗೆ ಬಿಟ್ಟಳು. ಅದು ಆಡಿ ಆಡಿ, ನಡುಮನೆಯ ನೆಲದ ಮೇಲೆ ನೆಟ್ಟಗೆ ನಿಂತಿತು. ಇನ್ನೊಂದು ಕೆಂಪು ನೂಲು, ಸುಮ್ಮನೆ ಜೋತುಬಿದ್ದಿತ್ತು. ಬಿಸಿಲು ಬಿದ್ದ ಕಡೆಗೆ ಅದನ್ನು ಎಳೆದು ಹಿಡಿಯುವುದು ಎಂದು ಮಾತಾಗಿತ್ತು.

ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಮೋಡ ಕದಲಲಿಲ್ಲ.

"ನೂಲನ್ನ ಮೊಳೆಗೆ ಕಟ್ಟೇ" ಎಂದಳು ಖೋನ್‌ಬೀಬಿ.

"ಕಾಣದೆ ಹೇಗೆ ಕಟ್ಟೋದು ಬೀಬಿ? ಕಂಡದ್ದನ್ನೇ ಬರೀಬೇಕು. ಒಂದು ಸಲ ತಪ್ಪು ಬರೆದು ಭೂಮಿಯಿಂದ ಹೊರಗೆ ಬಿದ್ದಿದ್ದೀವಿ."

"ಅವನು ಬರ್ಲಿ ಬಿಡ್ಲಿ, ಇವತ್ತು ಅವನ ಜಾಗ ಅದೇ. ಮನೆಯವನು ಮನೇಲಿ ಇಲ್ಲದಿದ್ರೂ ಅವನ ಜಾಗಕ್ಕೆ ಚಾಪೆ ಹಾಕಲ್ವಾ? ಕಟ್ಟು."

ಮುದುಕಿಯ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಕುರ್ಬೋನ್ ಮುಅಲ್ಲಿಮಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಕೆಂಪು ನೂಲನ್ನು ಬಿಗಿಯಾಗಿ ಎಳೆದು ತಾಮ್ರದ ಮೊಳೆಗೆ ಸುತ್ತಿದ. ಬೆಳಕಿಂಡಿಯಿಂದ ಜಗಲಿಗೆ ಓರೆಯಾಗಿ ಕೆಂಪು ಗೆರೆ ನಿಂತಿತು. ಅದರಲ್ಲೇನೂ ವಿಶೇಷ ಕಾಣಲಿಲ್ಲ. ಬಟ್ಟೆ ಒಣಗಿಸುವ ಹಗ್ಗದ ಹಾಗಿತ್ತು.

"ಎಷ್ಟಿದೆ ಪರ್ವೋನಾ?" ಎಂದಳು ಜರೀಫ್ಮೋ ಮೇಲಕ್ಕೆ ನೋಡಿ.

ಕೋನಮಾಪಕ ಹಿಡಿದಿದ್ದ ಪರ್ವೋನಾಳ ದನಿ ಮೇಲಿನಿಂದ ಬಂತು. "ಎರಡು ನೂಲಿನ ನಡುವೆ ಮೂವತ್ತೆಂಟು. ಮೂವತ್ತೆಂಟಕ್ಕೆ ಕೂದಲೆಳೆ ಕಡಿಮೆ."

ಶಾಲೆಯ ಭೂಪಟದಲ್ಲಿ ಆ ತೂತಿನ ಮೇಲೆ ಹಾದುಹೋಗುವ ಅಡ್ಡಗೆರೆ ಮೂವತ್ತೆಂಟು. ಆದರೂ ಜರೀಫ್ಮೋ ಪುಸ್ತಕದಲ್ಲಿ ಬರೆಯಲಿಲ್ಲ. ಪೆನ್ಸಿಲು ಹಿಡಿದು ಕಾದಳು.

ರೇಡಿಯೋ ಹನ್ನೆರಡು ಹೊಡೆಯಿತು. ಹೊರಗೆ ಹಬ್ಬದ ತಮ್ಮಟೆ ಕೇಳುತ್ತಿತ್ತು. ಚಿಕ್ಕ ಮಕ್ಕಳು ಹಿಪ್ಪುನೇರಳೆ ಹಿಟ್ಟಿನ ಉಂಡೆ ತಿಂದು ಮುಗಿಸಿ ತೂಕಡಿಸಿದರು. ಹನ್ನೆರಡೂ ಹತ್ತು. ಹನ್ನೆರಡೂ ಹದಿನೈದು.

"ಮುಅಲ್ಲಿಮಾ!" ಸೂರಿನ ಮೇಲಿಂದ ಪರ್ವೋನಾ ಕೂಗಿದಳು. "ಗಿರಣಿ ಕಡೆ ಬಿಸಿಲು ಬಿತ್ತು! ಓಡಿ ಬರ್ತಿದೆ! ಈ ಕಡೇನೇ ಬರ್ತಿದೆ!"

"ಬದಿಗೆ ಸರಿ ಮಗು, ನಿನ್ನ ನೆರಳು ಬೀಳಬಾರದು!"

ಮನೆಯೊಳಗೆ ಮೊದಲು ಹಿಟ್ಟಿನ ದೂಳು ಬೆಳಗಿತು. ಆಮೇಲೆ ಬೆಳಕಿಂಡಿಯಿಂದ ಒಂದು ಕಂಬದಷ್ಟು ಬೆಳಕು ಓರೆಯಾಗಿ ಇಳಿಯಿತು. ಕಟ್ಟಿದ್ದ ನೂಲನ್ನೇ ಹಿಡಿದುಕೊಂಡು, ಹಗ್ಗ ಹಿಡಿದು ಬಾವಿಗೆ ಇಳಿಯುವವನ ಹಾಗೆ ಇಳಿಯಿತು. ಕೆಂಪು ನೂಲು ಉದ್ದಕ್ಕೂ ಹೊತ್ತಿಕೊಂಡಂತೆ ಕಂಡಿತು. ಜಗಲಿಯ ಹಲಗೆಯ ಮೇಲೆ ಬೆಳಕಿನ ಚೌಕ ಬಿದ್ದು, ಅದರೊಳಗೆ ಪಟ್ಟಿಗಳ ನೆರಳು ಒಂದನ್ನೊಂದು ದಾಟಿ, ದಾಟಿದ ಆ ಒಂದೇ ಬಿಂದು ನಿಧಾನವಾಗಿ ಸರಿದು ಸರಿದು ಬಂದು ತಾಮ್ರದ ಮೊಳೆಯ ತಲೆಯ ಮೇಲೆ ಕೂತಿತು.

ಹನ್ನೆರಡೂ ಹತ್ತೊಂಬತ್ತು.

ಸತ್ತು ನಲವತ್ತು ವರ್ಷವಾದ ಮುದುಕನೊಬ್ಬ ಇಲ್ಲಿ ಎಂದು ಹೇಳಿ ಹೋಗಿದ್ದ. ಅಷ್ಟು ದೂರದಿಂದ ಬಂದ ಸೂರ್ಯ ಅಲ್ಲೇ, ಒಂದು ಕೂದಲೆಳೆ ಆಚೀಚೆಯಾಗದೆ, ಬಂದು ಕೂತಿದ್ದ. ಖೋನ್‌ಬೀಬಿ ಹಿಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡಳು. ಕಪ್ಪು ಅಂಗಿಯ ಮೇಲೆ ಬಿಳಿ ಕೈಮುದ್ರೆ ಮೂಡಿತು.

"ಬಂದ್ಯಾ" ಎಂದಳು ಅಷ್ಟೇ.

ಬೆಳಕು ಐದಾರು ನಿಮಿಷ ಇದ್ದು ಹೋಯಿತು. ಜರೀಫ್ಮೋ ಬರೆದುಕೊಂಡಳು. ಮತ್ತೆ ಮಕ್ಕಳನ್ನು ಹತ್ತಿರ ಕರೆದಳು. "ಈ ಕಲ್ಲು ಕಟ್ಟಿದ ನೂಲಿದೆಯಲ್ಲ, ಇದು ನೆಟ್ಟಗೆ ಭೂಮಿಯ ನಡುವಿಗೆ ನೋಡ್ತಿದೆ. ಭೂಮಧ್ಯರೇಖೆ ಮೇಲೆ, ನಮ್ಮ ನೆಟ್ಟಗೆ ದಕ್ಷಿಣದ ಕಡೆ, ಇದೇ ಹೊತ್ತಿಗೆ ಒಬ್ಬ ಹುಡುಗಿ ಹೀಗೇ ಕಲ್ಲು ಇಳಿಬಿಟ್ರೆ, ಅವಳ ನೂಲೂ ಅಲ್ಲಿಗೇ ನೋಡುತ್ತೆ. ಇವತ್ತು ಮಧ್ಯಾಹ್ನ ಸೂರ್ಯ ಅವಳ ನೆತ್ತಿ ಮೇಲಿದ್ದಾನೆ. ನಮ್ಮ ನೆತ್ತಿಯಿಂದ ಮೂವತ್ತೆಂಟು ಓರೆ. ಎರಡು ನೂಲನ್ನೂ ಕೊನೆತನಕ ಎಳೆದ್ರೆ, ಭೂಮಿಯ ಹೊಟ್ಟೆಯೊಳಗೆ ಅವು ಸೇರೋ ಕಡೆ ಇರೋ ಕೋನವೂ ಇದೇ ಮೂವತ್ತೆಂಟು."

ಕುರ್ಬೋನ್ ಕಲ್ಲಿನ ಕೆಳಗಿನ ನೆಲವನ್ನು ದಿಟ್ಟಿಸಿದ. "ಅಂದ್ರೆ, ಭೂಮಿಯ ನಡುವಿಗೆ ದಾರಿ ಇಲ್ಲಿಂದ್ಲೇ?"

"ಇಲ್ಲಿಂದ್ಲೇ. ಎಲ್ಲರ ಮನೆಯಿಂದ್ಲೂ."

"ನನ್ನ ನಡುಮನೆಯಿಂದ ದಾರಿ ಹೋಗುತ್ತೆ ಅಂತ ಯಾರೂ ನನಗೆ ಹೇಳ್ಲೇ ಇಲ್ವಲ್ಲೇ" ಎಂದಳು ಖೋನ್‌ಬೀಬಿ. "ಗುಡಿಸುವಾಗ ಇನ್ನೂ ಚೆನ್ನಾಗಿ ಗುಡಿಸ್ತಿದ್ದೆ."

ಶನಿವಾರದ ಜೀಪಿಗೆ ಜರೀಫ್ಮೋ ಕೊಟ್ಟ ಕಾಗದ ಉದ್ದವಾಗಿತ್ತು. ತಪ್ಪು ನಮ್ಮದು, ನಮ್ಮೂರಲ್ಲಿ ದಿಗಂತ ಕಾಣುವುದಿಲ್ಲ, ಬೆಟ್ಟವನ್ನು ದಿಗಂತ ಎಂದುಕೊಂಡೆವು ಎಂದು ನೇರವಾಗಿ ಬರೆದಿದ್ದಳು. ಕೆಳಗೆ ಪರ್ವೋನಾ ಮನೆಯ ಚಿತ್ರ ಬಿಡಿಸಿದ್ದಳು: ಬೆಳಕಿಂಡಿ, ಎರಡು ನೂಲು, ಕಲ್ಲು, ಮೊಳೆ, ಕೋನ, ನಡುಹಗಲಿನ ಗಂಟೆ ನಿಮಿಷ. ಕೋಲು ಹಿಡಿದ ಒಬ್ಬ ಮುದುಕಿಯೂ ಇದ್ದಳು. ಅದು ಲೆಕ್ಕಕ್ಕೆ ಬೇಕಿರಲಿಲ್ಲ.

ಎರಡು ವಾರ ಉತ್ತರ ಬರಲಿಲ್ಲ. ಆ ನಡುವೆ ಬಂದ ಪಟ್ಟಿಯಿಂದ ಒಂಬತ್ತು ನೂಲುಗಳು ಕಂಬಳಿಯ ಮೇಲೆ ಹನ್ನೆರಡರಲ್ಲಿ ಒಂದೇ ಗುಂಡುಸೂಜಿಗೆ ಬಂದು ಸೇರಿದವು. ಮಕ್ಕಳು ಆ ಗಂಟನ್ನು ಮುಟ್ಟಿ ಮುಟ್ಟಿ ನೋಡಿದರು. ಕೆಂಪು ನೂಲಿನ ಉಂಡೆ ಮಾತ್ರ ಬೆಂಚಿನ ಮೇಲೆ ಕೂತಿತ್ತು. ಜರೀಫ್ಮೋ ಅದನ್ನು ಎತ್ತಿಡಲೂ ಇಲ್ಲ, ಕಟ್ಟಲೂ ಇಲ್ಲ.

ಮೂರನೆಯ ಶನಿವಾರ ಇಮೋಮ್ಯೋರ್ ಶಾಲೆಯ ಮುಂದೆ ಹಾರನ್ ಬಾರಿಸುತ್ತಲೇ ಬಂದ. "ಅಪಾ! ಭೂಮಿಯಿಂದ ಕಾಗದ!"

ರಿಮ್ಮಾ ನಾಲ್ಕೇ ಸಾಲು ಬರೆದಿದ್ದಳು. ಹನ್ನೆರಡು ವರ್ಷದಿಂದ ಈ ಆಟ ನಡೆಸುತ್ತಿದ್ದೇನೆ, ಮೊಳೆಯೊಂದು ಉತ್ತರ ಕೊಟ್ಟದ್ದು ಇದೇ ಮೊದಲು. ಏಳನೇ ಗೆರೆ ಅಳಿಸುವುದಿಲ್ಲ. ನಿಮ್ಮ ಎರಡು ನೂಲಿನ ಚಿತ್ರವನ್ನೇ ಎಲ್ಲರಿಗೂ ಕಳಿಸಿದ್ದೇನೆ. ಕಂಡುಹಿಡಿಯಲಿ.

ಅವತ್ತು ಕೆಂಪು ನೂಲನ್ನು ಆ ಸೂಜಿಗೆ ಕಟ್ಟಿದವಳು ಪರ್ವೋನಾ. ಗಂಟು ಹಾಕಿ, ಹಲ್ಲಲ್ಲಿ ಕಡಿದಳು.

ಮೇ ತಿಂಗಳಲ್ಲಿ ಏಪ್ರಿಕಾಟಿನ ಹೂ ಉದುರಿ ಕಾಯಿ ಕಟ್ಟುವ ಹೊತ್ತಿಗೆ ನಾಲ್ಕನೇ ನಂಬರಿನವರಿಂದ ಕಾಗದ ಬಂತು. ಅವರು ಭೂಮಧ್ಯರೇಖೆಯ ಮೇಲಿನ ಒಂದು ದ್ವೀಪದ ಮಕ್ಕಳು. ಅವರ ಸುತ್ತ ಸಮುದ್ರ, ಎತ್ತ ನೋಡಿದರೂ ದಿಗಂತ. ಬೆಟ್ಟ ಕಂಡವರೇ ಇಲ್ಲ. "ನಿಮ್ಮ ಎರಡು ನೂಲಿನ ಕೋನ ಒಂದು ಗೆರೆ ಕೊಟ್ಟಿತು, ನಿಮ್ಮ ನಡುಹಗಲಿನ ಗಂಟೆ ಇನ್ನೊಂದು ಗೆರೆ ಕೊಟ್ಟಿತು, ಅವು ಸೇರಿದ ಕಡೆ ಬೆರಳಿಟ್ಟೆವು. ನಮ್ಮ ಪಟದಲ್ಲಿ ಅಲ್ಲಿ ಹೆಸರಿಲ್ಲ, ಕಂದು ಬಣ್ಣ ಮಾತ್ರ. ಅಲ್ಲಿ ನೀವು ಇದ್ದೀರಿ ಎಂದು ಈಗ ನಮಗೆ ಗೊತ್ತು. ಸೂರ್ಯ ಅಷ್ಟು ತಡವಾಗಿ ಬಂದರೆ ನಿಮಗೆ ಚಳಿಯಾಗುವುದಿಲ್ಲವೇ?" ಜೊತೆಗೆ ಒಂದು ತುಂಡು ಪಟ, ಕೈಯಲ್ಲೇ ಬಿಡಿಸಿದ್ದು. ಬೆಟ್ಟಗಳನ್ನು ಸಮುದ್ರದ ಅಲೆಗಳ ಹಾಗೆ ಬರೆದಿದ್ದರು. ನಡುವೆ ನದಿಯ ನೀಲಿ ಗೆರೆ, ಅದರ ಪಕ್ಕ ಹಸಿರು ಬಣ್ಣದ ಚುಕ್ಕೆ.

ಜರೀಫ್ಮೋ ಅದನ್ನು ಓದಿ ಹೇಳಿದಳು. ಕುರ್ಬೋನ್ ಚುಕ್ಕೆಯ ಹತ್ತಿರ ಮೂಗು ತಂದು ನೋಡಿದ.

"ಮುಅಲ್ಲಿಮಾ, ಇದು ನದಿ ಆಚೆ ಇದೆ. ಗೋಧಿ ಕಾಳಿನಷ್ಟು ಆಚೆ. ನಮ್ಮನ್ನ ಅಫ್ಘಾನಿಸ್ತಾನಕ್ಕೆ ಹಾಕಿದ್ದಾರೆ!"

ಸಂಜೆ ಅದನ್ನು ಕೇಳಿ ಖೋನ್‌ಬೀಬಿ ಕೆಮ್ಮುವಷ್ಟು ನಕ್ಕಳು. "ಪರವಾಗಿಲ್ಲ ಬಿಡು. ಸಮುದ್ರದಿಂದ ಬೆರಳು ಚಾಚಿ ನದಿತನಕ ಬಂದಿದ್ದಾರೆ. ನದಿ ದಾಟಿಸೋದು ನಮ್ಮ ಕೆಲಸ."

ಜರೀಫ್ಮೋ ಆ ತುಂಡು ಪಟವನ್ನು ಶಾಲೆಯ ಭೂಪಟದ ಹಿಂದೆ, ಹಸಿರು ಚುಕ್ಕೆ ಸರಿಯಾಗಿ ತೂತಿನಲ್ಲಿ ಕಾಣುವ ಹಾಗೆ ಅಂಟಿಸಿದಳು. ಹಾಗೆ ಅಂಟಿಸುವಾಗ ಗೋಧಿ ಕಾಳಿನಷ್ಟು ಈಚೆ ಸರಿಸಿದಳು, ಅಷ್ಟೇ.

ಆಮೇಲೂ ಮೊಳೆ ಅವಳ ಕಾಲುಚೀಲ ಹರಿಯುತ್ತಲೇ ಇತ್ತು. ಒಂದು ದಿನ ಚಹಾದ ತಟ್ಟೆ ಹಿಡಿದು ಜಗಲಿ ಹತ್ತುವಾಗ ಸರಕ್ಕನೆ ಎಳೆಯಿತು. ಒಲೆಯ ಪಕ್ಕದಿಂದ ಮುದುಕಿಯ ಕಣ್ಣು ಮಿನುಗಿತು.

"ಕೀಳಿಸಿಬಿಡೋಣ್ವಾ ಸೊಸೆ?"

"ಬೇಡ ಬೀಬಿ" ಎಂದಳು ಜರೀಫ್ಮೋ, ಬಗ್ಗಿ ನೂಲು ಬಿಡಿಸಿಕೊಳ್ಳುತ್ತ. "ಕಿತ್ತರೆ ಎಲ್ಲಿಗೆ ಉದುರಿ ಬೀಳ್ತೀವೋ."